ಬೋರಲಾದರೂ ಅದೇ

ಅಂದು ಬೆಳಿಗ್ಗೆ ವರಲಕ್ಷ್ಮಿ ನಡುಮನೆಯಲ್ಲಿ ಮೊರವನ್ನು ಬೋರಲು ಹಾಕಿ ಅದರ ಮುಂದೆ ಕೂತು ನೋಡುತ್ತಿದ್ದಳು. ಮೊರದ ಪಕ್ಕದಲ್ಲಿ ಒಂದು ಚೊಂಬು, ಅದೂ ಬೋರಲು. ಅದರಾಚೆ ಅಳೆಯುವ ಸೇರು, ಜರಡಿ, ಒಂದು ಹಣತೆ. ಹಿತ್ತಲಿನಿಂದ ಒಳಗೆ ಬಂದ ಅವಳ ಅತ್ತೆ ಸಪ್ಪಲಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ನಿನ್ನ! ಇದೇನೇ ಇದು, ಸಾವಿನ ಮನೆ ಥರ ಎಲ್ಲಾ ಬೋರಲು ಹಾಕ್ಕೊಂಡು ಕೂತಿದ್ದೀಯ? ಮೊದಲು ಮೊರ ಎತ್ತು. ಎತ್ತೇ!"

ವರಲಕ್ಷ್ಮಿ ಮೊರವನ್ನು ಎತ್ತಿ ಗೋಡೆಗೆ ಒರಗಿಸಿದಳು. "ಚೊಂಬು, ಅತ್ತೆ?"

"ಚೊಂಬಿಗೇನು?"

"ಅದನ್ನೂ ಎತ್ಬೇಕಾ?"

ಸಪ್ಪಲಮ್ಮ ಒಂದು ಗಳಿಗೆ ಯೋಚಿಸಿದಳು. "ಚೊಂಬು ದಿನಾ ತೊಳೆದು ಬೋರಲು ಹಾಕಲ್ವಾ? ಅದಕ್ಕೇನಾಗಲ್ಲ. ಆದ್ರೆ ನಡುಮನೇಲಿ ಯಾಕೆ ಹಾಕ್ದೆ? ಎತ್ತು, ಅದನ್ನೂ ಎತ್ತು."

"ಅಡುಗೆಮನೇಲಿ ಇದ್ರೆ ತೊಳೆದಿಟ್ಟದ್ದು. ನಡುಮನೇಲಿ ಇದ್ರೆ ಸಾವು," ಎಂದು ವರಲಕ್ಷ್ಮಿ ತನಗೆ ತಾನೇ ಹೇಳಿಕೊಂಡು, ತೊಡೆಯ ಮೇಲಿದ್ದ ಕಾಗದದಲ್ಲಿ ಬರೆದುಕೊಂಡಳು.

"ಬರ್ಕೋ ಬರ್ಕೋ. ಬಿ.ಎಸ್‌ಸಿ. ಓದಿದೋಳಲ್ವಾ."

ಮಾತಿನಲ್ಲಿ ಚುಚ್ಚು ಇತ್ತು, ಆದರೆ ಬಹಳ ಇರಲಿಲ್ಲ. ಸಪ್ಪಲಮ್ಮ ಸೇರನ್ನು ತಾನೇ ನೆಟ್ಟಗೆ ಮಾಡಿ, ಹಣತೆಯನ್ನು ಗೂಡಿಗಿಟ್ಟು ಒಳಗೆ ಹೋದಳು.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಪಾಪಯ್ಯನ ಮನೆಯೆಂದರೆ ಮುಂದೆ ಎರಡು ಮಗ್ಗ, ಹಿಂದೆ ಸಂಸಾರ. ಪಾಪಯ್ಯನ ಒಬ್ಬನೇ ಮಗ ಎರಡು ವರ್ಷದ ಹಿಂದೆ ಟೈಫಾಯಿಡ್ ಬಂದು ಹದಿನೆಂಟು ದಿನ ಮಲಗಿ ತೀರಿಕೊಂಡ. ಆಗ ವರಲಕ್ಷ್ಮಿಗೆ ಇಪ್ಪತ್ತಮೂರು ವರ್ಷ. ಸಾವಿನ ಮನೆಗೆ ಬಂದವರು ಸೊಸೆ ಸರಿಯಾಗಿ ಅಳಲಿಲ್ಲ ಎಂದು ಆಡಿಕೊಂಡರು. ಅಳು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅವಳು ನೀರು ಸೇದುತ್ತಿದ್ದಳು, ಹಿಟ್ಟು ಜರಡಿ ಹಿಡಿಯುತ್ತಿದ್ದಳು, ಕರೆದರೆ ಓ ಎನ್ನುತ್ತಿದ್ದಳು. ಅರಿಶಿನಕುಂಟೆಯಿಂದ ಅವಳ ಅಣ್ಣ ಗಂಗಣ್ಣ ಎರಡು ಸಲ ಕರೆಯಲು ಬಂದು ಹೋಗಿದ್ದ. ಈಗ ಅವನ ಹೆಂಡತಿ ಬಸುರಿ. ಶಿವರಾತ್ರಿ ಕಳೆದ ಮೇಲೆ ಬರ್ತೀನಿ, ಈ ಸಲ ಕಳಿಸಿಕೊಡಲೇಬೇಕು ಎಂದು ಹೇಳಿಕಳಿಸಿದ್ದ. ಅಣ್ಣನ ಮನೆಯವರು ಕೆಟ್ಟವರಲ್ಲ. ಅಲ್ಲಿ ಅವಳಿಗೆ ಊಟಕ್ಕೆ ಕಡಿಮೆಯಾಗುತ್ತಿರಲಿಲ್ಲ, ಬೈಗುಳವೂ ಇರುತ್ತಿರಲಿಲ್ಲ. ಬಾಣಂತನ ಒಂದು, ಅದು ಮುಗಿಯುವಷ್ಟರಲ್ಲಿ ಇನ್ನೊಂದು, ಹೀಗೆ ಅವಳ ಎರಡು ಕೈಗೆ ಕೆಲಸ ಇರುತ್ತಿತ್ತು. ಉಳಿದದ್ದಕ್ಕೆ ಏನೂ ಇರುತ್ತಿರಲಿಲ್ಲ.

ಇಲ್ಲಿ ಇತ್ತು. ಅದು ತೀರಾ ಈಚಿನ ಮಾತು.

ಯುದ್ಧ ನಡೆದಷ್ಟು ವರ್ಷ ರೇಷ್ಮೆಯೆಲ್ಲ ಪ್ಯಾರಾಚೂಟಿಗೆಂದು ಹೋಗಿ ಮಗ್ಗಗಳು ಬಹುಪಾಲು ನಿಂತೇ ಇದ್ದವು. ಯುದ್ಧ ಮುಗಿದ ಮೇಲೆ ಪಾಪಯ್ಯ ಅಟ್ಟದಿಂದ ಹಳೆಯ ಅಂಚಿನ ಕಾಗದಗಳನ್ನು ಇಳಿಸಿದರೆ ಅರ್ಧಕ್ಕರ್ಧ ಇಲಿ ತಿಂದಿತ್ತು. ಅಂಚಿನ ಕಾಗದವೆಂದರೆ ಸಣ್ಣ ಸಣ್ಣ ಚೌಕದ ಕಾಗದ. ಒಂದೊಂದು ಚೌಕಕ್ಕೆ ಒಂದು ಮನೆ ಎನ್ನುತ್ತಾರೆ. ಯಾವ ಮನೆಗೆ ಮಸಿ ತುಂಬಿದೆಯೋ ಅಲ್ಲಿ ಜರಿ ಮೇಲೆ ಬರುತ್ತದೆ, ಖಾಲಿ ಬಿಟ್ಟಲ್ಲಿ ಕೆಳಗೆ ಹೋಗುತ್ತದೆ. ಆ ಕಾಗದ ನೋಡಿಕೊಂಡು ರಟ್ಟಿಗೆ ತೂತು ಹೊಡೆದು, ರಟ್ಟುಗಳನ್ನು ಸಾಲಾಗಿ ಹೊಲಿದು ಮಗ್ಗದ ಮೇಲಿನ ಪೆಟ್ಟಿಗೆಗೆ ಏರಿಸಿದರೆ ಅಂಚಿನ ಚಿತ್ತಾರ ತಾನೇ ಬೀಳುತ್ತದೆ. ಇಲಿ ತಿಂದ ಭಾಗವನ್ನು ವರಲಕ್ಷ್ಮಿ ಉಳಿದದ್ದನ್ನು ನೋಡಿ ತುಂಬಿಕೊಟ್ಟಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಎಲೆ, ಬೇರು, ಕಾಂಡದ ಸೀಳನ್ನು ದಿನವೂ ಬರೆದು ರೂಢಿಯಿತ್ತು. ಕಣ್ಣ ಮುಂದೆ ಇಟ್ಟದ್ದನ್ನಷ್ಟೇ ಬರೆಯಬೇಕು, ನೆರಳು ಹಾಕಿ ಅಂದಗಾಣಿಸಬಾರದು ಎನ್ನುವುದು ಅಲ್ಲಿನ ಕಟ್ಟಳೆ. ಅದು ಅವಳಿಗೆ ಹಿಡಿಸಿತ್ತು.

ಸಂಕ್ರಾಂತಿ ಕಳೆದ ವಾರ ರಾಜಘಟ್ಟದಿಂದ ಅಕ್ಕಯಮ್ಮ ಬಂದಳು. ಅಲ್ಲಿನ ದೊಡ್ಡ ಒಕ್ಕಲು ಮನೆಯ ಯಜಮಾನಿ. ಫಾಲ್ಗುಣದಲ್ಲಿ ಮಗಳ ಮದುವೆ, ಧಾರೆಗೆ ಸೀರೆ ಬೇಕು. ಪಾಪಯ್ಯ ಇದ್ದ ಅಂಚುಗಳನ್ನೆಲ್ಲ ಬಿಚ್ಚಿ ತೋರಿಸಿದ.

"ರುದ್ರಾಕ್ಷಿ ನಮ್ಮ ವಾರಗಿತ್ತಿ ತಾವೈತೆ. ಮಾವಿನಕಾಯಿ ಇಡೀ ಊರ್ಗೈತೆ. ಹಂಸ ನನ್ನ ಮದುವೇಲೇ ಉಟ್ಟಾಯ್ತು," ಎಂದು ಅವಳು ಒಂದೊಂದನ್ನೇ ಸರಿಸಿದಳು. "ಯಾರ ಸೀರೆ ಮ್ಯಾಲೂ ಇಲ್ಲದ್ದು ಒಂದು ಮಾಡ್ಕೊಡಪ್ಪ ಪಾಪಯ್ಯ. ಇಲ್ಲಾಂದ್ರೆ ಹೇಳ್ಬಿಡು, ಬೆಂಗಳೂರಿಗೆ ಹೋಗ್ತೀನಿ."

ಅವಳು ಹೋದ ಮೇಲೆ ಪಾಪಯ್ಯ ಸೊಸೆಯನ್ನು ಕರೆದ. ಅವನು ಸುತ್ತಿ ಬಳಸಿ ಮಾತಾಡುವವನಲ್ಲ.

"ಹೊಸಾದು ಒಂದು ಬರೀತೀಯೇನಮ್ಮ?"

"ನೋಡ್ತೀನಿ ಮಾವ."

"ಈ ಅಂಚು ಗೆದ್ರೆ ಬರೆಯೋ ಕೆಲಸ ನಿನಗೇ. ನಿಮ್ಮಣ್ಣನಿಗೆ ಸೊಸೆ ಇಲ್ಲಿ ಬೇಕು ಅಂತ ಹೇಳೋಕೆ ನನಗೂ ಬಾಯಿ ಬರುತ್ತೆ. ಸುಮ್ಮನೆ ಇಟ್ಕೊಂಡಿದ್ದೀನಿ ಅಂದ್ರೆ ಅವನು ಬಿಡ್ತಾನಾ?" ಪಾಪಯ್ಯ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಜಗಿದ. "ಆದ್ರೆ ನೀನು ಬರೆದದ್ದು ಅಂತ ಹೊರಗೆ ಯಾರಿಗೂ ಗೊತ್ತಾಗ್ಬಾರ್ದು. ಧಾರೆ ಸೀರೆ. ನಿನಗೆ ಬಿಡಿಸಿ ಹೇಳ್ಬೇಕಾ?"

"ಬೇಡ ಮಾವ."

ಮೊದಲು ಅವಳು ಬರೆದದ್ದು ದೀಪ. ಗೂಡಿನಲ್ಲಿದ್ದ ಹಣತೆಯನ್ನು ಮುಂದಿಟ್ಟುಕೊಂಡು, ಕುಡಿಯ ಸಮೇತ, ಇಪ್ಪತ್ತನಾಲ್ಕು ಮನೆಯ ಎತ್ತರಕ್ಕೆ ಬರೆದು ನೇಕಾರ ಕೊಂಡಪ್ಪನಿಗೆ ತೋರಿಸಿದಳು. ಕೊಂಡಪ್ಪ ಪಾಪಯ್ಯನ ಮಗ್ಗದಲ್ಲಿ ಮೂವತ್ತು ವರ್ಷದಿಂದ ಕೂತವನು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕಾಗದ ಇಸಿದುಕೊಂಡ.

"ದೀಪ ಚೆಂದಾಗೈತೆ ತಾಯಿ. ಕಾಲತ್ರ ನೆಟ್ಟಗೆ ನಿಂತೈತೆ. ಈಗ ಹೆಗಲ ಕಡೆ ನೋಡಿ." ಅವನು ಕಾಗದವನ್ನು ತಿರುಗಿಸಿ ಹಿಡಿದ. "ಹೆಗಲ ಮ್ಯಾಲೆ ದೀಪ ತಲೆಕೆಳಗು. ಎಣ್ಣೆಯೆಲ್ಲ ಹುಡುಗಿ ಎದೆ ಮ್ಯಾಲೆ."

ಸೀರೆಗೆ ಎರಡು ಅಂಚು. ಎರಡನ್ನೂ ಒಂದೇ ರಟ್ಟು ನೇಯುತ್ತದೆ, ಒಂದರ ಎದುರು ಒಂದು, ಕನ್ನಡಿ ಹಿಡಿದ ಹಾಗೆ. ಉಟ್ಟಾಗ ಕೆಳಗಿನ ಅಂಚಿನಲ್ಲಿ ನೆಟ್ಟಗಿದ್ದದ್ದು ಮೇಲಿನ ಅಂಚಿನಲ್ಲಿ ಬೋರಲಾಗಿಯೇ ಇರಬೇಕು. ಇಷ್ಟು ದಿನ ಸೀರೆ ಉಟ್ಟವಳಿಗೆ ಇದು ಹೊಳೆದಿರಲಿಲ್ಲ.

"ಹಂಸವೂ ತಲೆಕೆಳಗಾಗುತ್ತಲ್ಲ ಕೊಂಡಪ್ಪ. ಅದಕ್ಕೆ ಯಾರೂ ಏನೂ ಅನ್ನಲ್ಲ."

"ಹಂಸಾನ ಯಾರು ಕಂಡೌರೆ ತಾಯಿ? ಕಾಣದ್ದು ಹೆಂಗಿದ್ರೂ ನಡೀತದೆ. ದೀಪ ಮನೇಲೈತೆ."

ವರಲಕ್ಷ್ಮಿ ಕಾಗದ ತೆಗೆದುಕೊಂಡು ಒಳಗೆ ಬಂದಳು. ಕೊಂಡಪ್ಪನ ಮಾತು ಅವಳ ತಲೆಯಲ್ಲಿ ಕೂತಿತು. ಸೀರೆಯ ಮೇಲೆ ಇರುವುದು ಬಹುಪಾಲು ಮನೆಯಲ್ಲಿ ಇಲ್ಲದ್ದು: ಹಂಸ, ಎರಡು ತಲೆಯ ಹಕ್ಕಿ, ಗೋಪುರ. ಮನೆಯಲ್ಲಿ ದಿನವೂ ಬಳಸುವ ಸಾಮಾನು ಯಾವುದೂ ಸೀರೆಯ ಮೇಲೆ ಇಲ್ಲ. ಯಾಕೆಂದರೆ ಮನೆಯಲ್ಲಿರುವ ಒಂದೊಂದಕ್ಕೂ ಒಂದು ಸರಿ, ಒಂದು ತಪ್ಪು ಅಂಟಿಕೊಂಡಿದೆ. ಹೀಗಿಟ್ಟರೆ ಮಂಗಳ, ಹಾಗಿಟ್ಟರೆ ಅಮಂಗಳ. ಬೋರಲು ಹಾಕಿದರೂ ಯಾರೂ ಬೆಚ್ಚದಂಥ ವಸ್ತು ಈ ಮನೆಯಲ್ಲಿ ಒಂದಾದರೂ ಇದ್ದೀತೇ? ನಡುಮನೆಯಲ್ಲಿ ಮೊರ ಚೊಂಬು ಸಾಲು ಹಾಕಿಕೊಂಡು ಕೂತದ್ದು ಅದಕ್ಕೆ.

ಹುಡುಕಾಟ ಮೂರು ನಾಲ್ಕು ದಿನ ನಡೆಯಿತು. ಸೇರು ಬೋರಲಾದರೆ ಬರಿದು, ಅದನ್ನು ಕೇಳುವುದೇ ಬೇಡ. ಒನಕೆಗೆ ಎರಡು ತುದಿಯೂ ಒಂದೇ ಥರ, ಆದರೆ ಕಾಗದದ ಮೇಲೆ ಅದು ಒನಕೆಯಾಗಿ ಕಾಣಲಿಲ್ಲ, ಬರೀ ಗೂಟವಾಯಿತು. ಜರಡಿ ದುಂಡಗಿದೆಯಲ್ಲ ಎಂದು ಅದನ್ನು ಬರೆದಳು. ಸಪ್ಪಲಮ್ಮ ಇಣುಕಿ ನೋಡಿ, "ಮದುವೆ ಹೆಣ್ಣಿನ ಮೈಮೇಲೆ ಜರಡೀನಾ? ಆ ಮನೇಲಿ ಒಂದು ಕಾಳು ನಿಂತೀತಾ?" ಅಂದಳು. ಪೊರಕೆಯ ಹೆಸರು ಎತ್ತುತ್ತಲೇ ಕೈ ಅಡ್ಡ ಹಿಡಿದಳು. ಬೀಗದ ಕೈ ಬರೆದರೆ, ಅತ್ತೆ ಬದುಕಿರುವಾಗಲೇ ಸೊಸೆಗೆ ಬೀಗದ ಕೈಯೇ ಎಂದು ಬೀಗಿತ್ತಿ ಜಗಳಕ್ಕೆ ಬರುತ್ತಾಳಂತೆ. ಬೈಯುತ್ತ ಬೈಯುತ್ತ ಸಪ್ಪಲಮ್ಮನಿಗೇ ಇದರಲ್ಲಿ ರುಚಿ ಹತ್ತಿತು. ಕೊತ್ತಂಬರಿ ಸೋಸುತ್ತ ಕೂತವಳು ಇದ್ದಕ್ಕಿದ್ದಂತೆ, "ಲಟ್ಟಣಿಗೆ ಬೇಡ ಕಣೇ, ಗಂಡನ್ನ ಹೊಡೆಯೋಕೆ ಅಂತಾರೆ," ಎಂದು ಅಡುಗೆಮನೆಯಿಂದ ಕೂಗಿ ಹೇಳುತ್ತಿದ್ದಳು.

ವರಲಕ್ಷ್ಮಿ ಒಂದೊಂದರ ಹೆಸರು ಬರೆದು ಅದರ ಮುಂದೆ ಏನಾಗುತ್ತದೆಂದು ಗುರುತು ಹಾಕಿಕೊಳ್ಳುತ್ತಿದ್ದಳು. ದುಂಡಗಿರುವ ವಸ್ತುಗಳ ಸಾಲಿನಲ್ಲಿ ಬಳೆ ಎಂದೂ ಬರೆದಳು. ಅದರ ಮುಂದೆ ಏನೂ ಬರೆಯಲಿಲ್ಲ.

ಐದನೆಯ ದಿನ ಹಿತ್ತಲಲ್ಲಿ ಸಪ್ಪಲಮ್ಮ ನೀರು ತುಂಬಿದ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, "ಸಿಂಬೆ ಸರಿಸೇ, ಬೇಗ, ಕೈ ಸೋಲ್ತಿದೆ," ಎಂದಳು. ವರಲಕ್ಷ್ಮಿ ಸಿಂಬೆಯನ್ನು ಸರಿಸಿದಳು. ಮಡಕೆ ಅದರ ಮೇಲೆ ಅಲುಗಾಡದೆ ಕೂತಿತು. ಹುಲ್ಲನ್ನು ಹೊಸೆದು ಸುತ್ತಿದ ಒಂದು ಸುರುಳಿ, ಅಷ್ಟೆ. ತಲೆಯ ಮೇಲೆ ಬಿಂದಿಗೆ ಹೊರುವಾಗ ಬಟ್ಟೆಯದೊಂದು ಮಾಡಿಕೊಳ್ಳುತ್ತಾರೆ, ಅದೂ ಸಿಂಬೆಯೇ. ಗೋಡೆಯ ಬುಡದಲ್ಲಿ ಇನ್ನೊಂದು ಬಿದ್ದಿತ್ತು. ಅವಳು ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು.

"ಅತ್ತೆ, ಇದರಲ್ಲಿ ಮೇಲು ಯಾವುದು, ಕೆಳಗು ಯಾವುದು?"

"ಸಿಂಬೆಗೆಂಥಾ ಮೇಲು ಕೆಳಗು?"

"ಬೋರಲು ಹಾಕಿದ್ರೆ?"

"ಸಿಂಬೇನ ಬೋರಲು ಹೆಂಗೆ ಹಾಕ್ತೀಯೇ, ಹುಚ್ಚಿ?"

"ಬಾಗಿಲಿಗೆ ಅಡ್ಡ ಬಿದ್ದಿದ್ರೆ ಅಪಶಕುನವಾ?"

"ಕಾಲಿಗೆ ಸಿಕ್ಕಿ ಮುಗ್ಗರಿಸ್ತೀಯ. ಅಷ್ಟೆ."

ವರಲಕ್ಷ್ಮಿ ಸಿಂಬೆಯನ್ನು ಒಳಗೆ ತಂದು ಮುಂದಿಟ್ಟುಕೊಂಡಳು.

ಬರೆಯುವುದು ಸುಲಭವಾಗಲಿಲ್ಲ. ಚೌಕದ ಮನೆಗಳಲ್ಲಿ ದುಂಡು ಎನ್ನುವುದು ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬಳಸಿ ಬರಬೇಕು. ಬರೀ ಸುತ್ತು ಬರೆದರೆ ಯಾವುದೂ ಆಗಬಹುದು. ಹುಲ್ಲು ಹೊಸೆದ ಓರೆ ಕಾಣಬೇಕು. ಅವಳು ಸುತ್ತಿನುದ್ದಕ್ಕೂ ಎರಡು ಮನೆ ತುಂಬಿ ಒಂದು ಮನೆ ಬಿಟ್ಟು ಓರೆಗೆರೆ ಎಳೆದಳು. ಒಂದು ಕಡೆ ಹುಲ್ಲಿನ ತುದಿ ಎರಡು ಎಳೆ ಸಡಿಲವಾಗಿ ಎದ್ದಿತ್ತು. ಅಂಚು ಮೇಲಾದರೂ ಕೆಳಗಾದರೂ ಅದು ಒಂದೇ ಥರ ಇರಬೇಕೆಂದು ಎದುರು ಕಡೆಯೂ ಎರಡು ಎಳೆ ಬಿಟ್ಟಳು. ಕಣ್ಣ ಮುಂದೆ ಇದ್ದದ್ದಕ್ಕೆ ಅವಳು ಸೇರಿಸಿದ್ದು ಅಷ್ಟೇ. ಹನ್ನೊಂದನೆಯ ಕಾಗದಕ್ಕೆ ಅದು ಸಿಂಬೆಯಾಯಿತು.

ಪಾಪಯ್ಯ ಕಾಗದವನ್ನು ನೋಡಿ, ತಿರುಗಿಸಿ ನೋಡಿ, "ಒಂದೇ ಥರ ಇದೆ. ಚೆನ್ನಾಗಿದೆ," ಎಂದ. ಏನು ಎಂದು ಕೇಳಲಿಲ್ಲ. ಕೊಂಡಪ್ಪನೂ ಮನೆ ಎಣಿಸಿದನೇ ಹೊರತು ಕೇಳಲಿಲ್ಲ. ನೋಡಿದರೆ ತಿಳಿದೇ ತಿಳಿಯುತ್ತದೆ ಎಂದು ವರಲಕ್ಷ್ಮಿ ತಾನಾಗಿ ಹೇಳಲೂ ಇಲ್ಲ. ರಟ್ಟಿಗೆ ತೂತು ಬಿದ್ದವು, ಹಾಸಿನ ನೂಲು ಮಗ್ಗಕ್ಕೆ ಏರಿತು. ಅರಿಶಿನದ ಮೈ, ಹಸಿರು ಅಂಚು, ಹಸಿರಿನ ಮೇಲೆ ಜರಿಯ ಸಿಂಬೆಗಳು ಒಂದರ ಪಕ್ಕ ಒಂದು. ಮಧ್ಯಾಹ್ನ ಊಟಕ್ಕೆಂದು ಕೊಂಡಪ್ಪ ಎದ್ದುಹೋದಾಗ ಅವಳು ಮಗ್ಗದ ಹತ್ತಿರ ಬಂದು ನಿಲ್ಲುತ್ತಿದ್ದಳು. ಮುಟ್ಟುತ್ತಿರಲಿಲ್ಲ. ಆ ದಿನಗಳಲ್ಲಿ ಒಂದೆರಡು ಸಲ ತನಗೆ ಹಸಿವಾಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಹಸಿವು ಹಾಗೆ ತಾನಾಗಿ ತಿಳಿದು ಬಹಳ ದಿನವಾಗಿತ್ತು.

ಸೀರೆ ಮುಗಿದ ದಿನ ಅಕ್ಕಯಮ್ಮ ಗಾಡಿ ಕಟ್ಟಿಸಿಕೊಂಡು ಬಂದಳು. ವರಲಕ್ಷ್ಮಿ ಮೊದಲೇ ನಡುಮನೆಗೆ ಸರಿದು, ಅರೆ ತೆರೆದ ಬಾಗಿಲ ಹಿಂದೆ ಕೂತಿದ್ದಳು. ಅಲ್ಲಿಂದ ಎಲ್ಲ ಕೇಳುತ್ತಿತ್ತು, ಸಂದಿಯಲ್ಲಿ ಮಗ್ಗವೂ ಕಾಣುತ್ತಿತ್ತು.

ಅಕ್ಕಯಮ್ಮ ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಬುಟ್ಟಿಯಿಂದ ಮೂರು ತಾಂಬೂಲ ಎತ್ತಿಟ್ಟಳು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಮೇಲೆ ಒಂದೊಂದು ಕುಂಕುಮದ ಪೊಟ್ಟಣ, ಒಂದೊಂದು ಜೊತೆ ಹಸಿರು ಬಳೆ.

"ಮಗ್ಗದೋನಿಗೊಂದು, ನೇಯ್ದೋನಿಗೊಂದು, ಅಂಚು ಬರೆದೋನಿಗೊಂದು. ಕೈ ಹಾಕಿದೋರಿಗೆಲ್ಲ ಕೊಡದೆ ನಾವು ಮದುವೆ ಬಟ್ಟೆ ಎತ್ತಲ್ಲ. ನಮ್ಮತ್ತೆ ಕಾಲದಿಂದ ಹಿಂಗೇಯ. ಎಲ್ಲಪ್ಪಾ, ಬರೆದೋರು?"

ಇದನ್ನು ಪಾಪಯ್ಯ ಎಣಿಸಿರಲಿಲ್ಲ. "ಬರೆದೋರು ಬೆಂಗಳೂರಿನೋರು ಅಕ್ಕಯಮ್ಮ. ನನ್ನ ಕೈಲಿ ಕೊಡಿ, ತಲುಪಿಸ್ತೀನಿ."

"ತಾಂಬೂಲ ತಲುಪಿಸ್ತಾರೇನಪ್ಪ? ಅದೇನ್ ಟಪಾಲಾ? ಅವರ ಹೆಂಡ್ರು ಬಂದು ಮಡ್ಲಲ್ಲಿ ಇಸ್ಕಬೇಕು. ಬಸ್ಸೈತಲ್ಲ, ಬರೇಳು. ಮದುವೆಗಿನ್ನೂ ಹತ್ತು ದಿನ ಐತೆ, ನಾನು ನಾಳಿದ್ದು ಬರ್ತೀನಿ."

ಪಾಪಯ್ಯ ಕೊಂಡಪ್ಪನ ಮುಖ ನೋಡಿದ. ಕೊಂಡಪ್ಪ ಲಾಳಿಯ ಕಡೆ ನೋಡುತ್ತಿದ್ದ. ಆಗ ಸಪ್ಪಲಮ್ಮ ಮುಂದೆ ಬಂದಳು.

"ನಮ್ಮೋರೇ ಬರೆದದ್ದು ಕಣಮ್ಮ. ಹೇಳ್ಕೊಳ್ಳೋಕೆ ನಾಚಿಕೆ ಅವರಿಗೆ. ನನ್ನ ಮಡ್ಲಿಗೆ ಹಾಕಿ."

"ಏನಪ್ಪಾ ಪಾಪಯ್ಯ! ಈಗಿನ್ನೂ ಬೆಂಗಳೂರಲ್ಲಿದ್ದೆ, ಯಾವಾಗ ಬಂದೆ?"

ಕೊಂಡಪ್ಪನಿಗೆ ಕೆಮ್ಮು ಬಂತು. ಅಕ್ಕಯಮ್ಮನೂ ನಕ್ಕಳು, ಆದರೆ ತಾಂಬೂಲವನ್ನು ಕೈಬಿಡಲಿಲ್ಲ. "ಸರಿ, ನೀನೇ ಬರೆದೆ ಅನ್ನು. ಏನಿದು ಹೇಳು, ಕೇಳಾಣ. ಬೀಗಿತ್ತಿ ಕೇಳಿದ್ರೆ ನಾನು ಹೇಳ್ಬೇಕಲ್ಲ."

"ಚಕ್ರ," ಎಂದ ಪಾಪಯ್ಯ.

"ಬಳೆ," ಎಂದಳು ಸಪ್ಪಲಮ್ಮ. ಎರಡೂ ಒಟ್ಟಿಗೇ ಬಂದವು.

ಅಕ್ಕಯಮ್ಮ ಕೊಂಡಪ್ಪನ ಕಡೆ ತಿರುಗಿದಳು. "ನೀನೇನಂತೀಯೋ?"

"ನಾನು ಕೋಡುಬಳೆ ಅಂದ್ಕಂಡೇ ನೇಯ್ದೆ ಕಣವ್ವ. ನೇಯ್ತಾ ನೇಯ್ತಾ ಹಸಿವಾಗೋದು."

ಬಾಗಿಲ ಹಿಂದೆ ವರಲಕ್ಷ್ಮಿ ಇದನ್ನೆಲ್ಲ ಕೇಳಿದಳು. ಹನ್ನೊಂದು ಕಾಗದ ಬರೆದಿದ್ದ ಅಂಚು. ಈ ಮನೆಯಲ್ಲೇ ಮೂರು ಜನ, ಮೂವರಿಗೂ ಬೇರೆ ಬೇರೆಯಾಗಿ ಕಂಡಿದೆ. ಸಿಂಬೆಯನ್ನು ದಿನವೂ ಮಡಕೆಗೆ ಕೊಡುವ, ಅಂದು ಹಿತ್ತಲಲ್ಲಿ ಅದರ ಮಾತನ್ನೂ ಆಡಿದ್ದ ಅತ್ತೆಗೂ ಅದು ಕಂಡಿಲ್ಲ. ಚಕ್ರವೆಂದರೆ ಚಕ್ರ, ಬಳೆಯೆಂದರೆ ಬಳೆ. ಇನ್ನು ಒಂದು ಗಳಿಗೆ ಕಳೆದರೆ ಸಪ್ಪಲಮ್ಮನ ಮಡಿಲಿಗೆ ತಾಂಬೂಲ ಬೀಳುತ್ತದೆ, ಸೀರೆ ಗಾಡಿ ಹತ್ತುತ್ತದೆ, ಶಿವರಾತ್ರಿ ಕಳೆದು ಗಂಗಣ್ಣ ಬಂದರೆ ಬರಿಗೈಯಲ್ಲಿ ಹೋಗುತ್ತಾನೆ. ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಸುಮ್ಮನೆ ಕೂರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅಕ್ಕಯಮ್ಮ ಬಗ್ಗಿ ಅಂಚಿನ ಮೇಲೆ ಬೆರಳಾಡಿಸಿದಳು. ಓರೆಗೆರೆಗಳ ಮೇಲೆ ಒಂದು ಸಲ ಹೋಗಿ ಮತ್ತೆ ಹಿಂದಕ್ಕೆ ಬಂದಳು. ಸಡಿಲ ಬಿಟ್ಟ ಎರಡು ಎಳೆಗಳ ಹತ್ತಿರ ಬೆರಳು ನಿಂತಿತು.

"ಬಳೆಗೆ ಯಾಕಪ್ಪ ಹುಲ್ಲು ಎದ್ದೈತೆ? ಇದು ಹೊಸೆದದ್ದು... ಇದು ಸಿಂಬೆ ಅಲ್ವೇನ್ರಪ್ಪ?"

"ಹೌದು."

ಯಾರು ಹೇಳಿದರೆಂದು ಎಲ್ಲರೂ ತಿರುಗಿ ನೋಡಿದರು. ವರಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. ಎದ್ದು ಬಂದದ್ದು ಅವಳಿಗೇ ಆಗ ತಿಳಿಯಿತು.

ಅಕ್ಕಯಮ್ಮನ ಕಣ್ಣು ಮೊದಲು ಅವಳ ಹಣೆಗೆ ಹೋಯಿತು, ಆಮೇಲೆ ಎರಡೂ ಕೈಗೆ, ಆಮೇಲೆ ಬೆರಳ ತುದಿಯಲ್ಲಿ ಒಣಗಿದ್ದ ಮಸಿಗೆ. "ಇವಳ್ಯಾರು?"

"ನಮ್ಮ ಸೊಸೆ," ಎಂದ ಪಾಪಯ್ಯ. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಸಪ್ಪಲಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕಂಬಕ್ಕೆ ಒರಗಿದಳು.

"ಯಾಕಮ್ಮ ಸಿಂಬೆ?" ಅಕ್ಕಯಮ್ಮ ಕೇಳಿದಳು.

"ಯಾರ ಸೀರೆ ಮೇಲೂ ಇರಬಾರ್ದು ಅಂದ್ರಿ. ಮನೆಯಲ್ಲಿ ಇರೋದೆಲ್ಲ ನೋಡ್ದೆ. ಬೋರಲಾದ್ರೆ ಎಲ್ಲಕ್ಕೂ ಏನೋ ಒಂದು ಕೆಟ್ಟದ್ದು ಇದೆ. ಇದಕ್ಕೆ ಇಲ್ಲ. ಇದು ಬೋರಲಾದರೂ ಅದೇ."

ಅಕ್ಕಯಮ್ಮ ಅಂಚನ್ನು ಇನ್ನೊಂದು ಸಲ ಸವರಿದಳು. ಹೊರಗೆ ಗಾಡಿಯ ಎತ್ತು ಕೊರಳು ಅಲ್ಲಾಡಿಸಿ ಗೆಜ್ಜೆ ಸದ್ದಾಯಿತು.

"ಧಾರೆಗೆ ಆಗಲ್ಲ ಪಾಪಯ್ಯ," ಎಂದಳು ಕೊನೆಗೆ. "ನಂಗೇನಿಲ್ಲ. ಇಂಥಾ ಮಾತು ಒಂದು ಊರಲ್ಲಿ ಮುಚ್ಚಿದ್ರೆ ಇನ್ನೊಂದು ಊರಲ್ಲಿ ಎದ್ದೇಳ್ತದೆ. ನಾಳೆ ನನ್ನ ಮಗಳಿಗೆ ತಲೆನೋವು ಬಂದ್ರೂ ಬೀಗಿತ್ತಿ ಇದನ್ನೇ ಎತ್ತಿ ಆಡ್ತಾಳೆ. ಧಾರೆಗೆ ರುದ್ರಾಕ್ಷಿದು ಒಂದು ತೆಗೆದಿಡು. ವಾರಗಿತ್ತಿ ತಾವ ಇದ್ರೆ ಇರ್ಲಿ."

"ಆಗ್ಲಿ ಅಕ್ಕಯಮ್ಮ," ಎಂದ ಪಾಪಯ್ಯ. ಅವನ ದನಿ ಇಳಿದುಹೋಗಿತ್ತು. "ಇದನ್ನ ಬೇರೆ ಯಾರಿಗಾದ್ರೂ..."

"ಬೇರೆ ಯಾರಿಗ್ಯಾಕೆ? ಇದು ನಂಗೆ."

"ನಿಮಗಾ?"

"ಯಾಕೆ, ಮದುವೆ ಹೆಣ್ಣಿನ ತಾಯಿ ಹೊಸ ಸೀರೆ ಉಡಬಾರ್ದೇನು? ನಲವತ್ತು ವರ್ಷ ತಲೆ ಮ್ಯಾಲೆ ಕೂತಿತ್ತಪ್ಪ ಇದು. ಇನ್ನು ಮ್ಯಾಲೆ ಕಾಲತ್ರ ಬಿದ್ದಿರ್ಲಿ." ತನ್ನ ಮಾತಿಗೆ ತಾನೇ ನಕ್ಕು, ಸಪ್ಪಲಮ್ಮನ ಮಡಿಲಿಗೆ ಒಂದು ತಾಂಬೂಲ ಹಾಕಿದಳು. ಕೊಂಡಪ್ಪನ ಹೆಂಡತಿಯನ್ನು ಪಕ್ಕದ ಬೀದಿಯಿಂದ ಕರೆಸಿ ಅವಳಿಗೊಂದು ಕೊಟ್ಟಳು.

ಮೂರನೆಯದು ಉಳಿಯಿತು. ಅಕ್ಕಯಮ್ಮ ಅದನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು. ಆಮೇಲೆ ಕುಂಕುಮದ ಪೊಟ್ಟಣವನ್ನು ತೆಗೆದು ಬುಟ್ಟಿಗೆ ಹಾಕಿದಳು. ಬಳೆಯ ಜೊತೆಯನ್ನು ತೆಗೆದು ಬುಟ್ಟಿಗೆ ಹಾಕಿದಳು. ಉಳಿದದ್ದು ಎಲೆ, ಅಡಿಕೆ, ಕಾಯಿ. ಅಷ್ಟನ್ನು ತಂದು ವರಲಕ್ಷ್ಮಿಯ ಮುಂದೆ ಹಿಡಿದಳು.

"ಕೈ ಹಾಕಿದೋರಿಗೆ ಕೊಡದೆ ಎತ್ತಲ್ಲ ಅಂದಿದ್ದೀನಿ. ಇಸ್ಕೋ."

ವರಲಕ್ಷ್ಮಿ ಎರಡೂ ಕೈ ನೀಡಿ ತೆಗೆದುಕೊಂಡಳು. ಕಾಯಿ ಭಾರವಾಗಿತ್ತು, ಒಳಗೆ ನೀರು ಅಲುಗಾಡಿತು.

ಗಾಡಿ ಹೋದ ಮೇಲೆ ಪಾಪಯ್ಯ ಮಗ್ಗದ ಕಟ್ಟೆಯ ಮೇಲೆ ಕೂತು ಸೊಸೆಯನ್ನು ಕರೆದ.

"ಒಂದು ಗಳಿಗೆ ಬಾಯಿ ಮುಚ್ಕೊಂಡು ಇದ್ದಿದ್ರೆ ಎಲ್ಲಾ ಸರಿಹೋಗ್ತಿತ್ತು."

"ಹೌದು ಮಾವ."

"ಮತ್ಯಾಕಮ್ಮ ಬಾಯಿ ಬಿಟ್ಟೆ?"

"ಅವರು ಸರಿಯಾಗಿ ಹೇಳಿದ್ರು. ಯಾರಾದ್ರೂ ಹೌದು ಅನ್ನಬೇಕಾಗಿತ್ತು."

ಪಾಪಯ್ಯನಿಗೆ ಇದು ಅರ್ಥವಾಯಿತೋ ಇಲ್ಲವೋ. ಅವನು ತಲೆ ಕೆರೆದುಕೊಂಡ. "ಇನ್ನು ಊರಿಗೆಲ್ಲ ಗೊತ್ತಾಗುತ್ತೆ. ಧಾರೆ ಸೀರೆಗೆ ನೀನು ಬರೆಯೋ ಹಾಗಿಲ್ಲ. ಸೀಮಂತದ್ದಕ್ಕೂ ಇಲ್ಲ, ಬಾಗಿನದ್ದಕ್ಕೂ ಇಲ್ಲ."

"ಉಳಿದದ್ದಕ್ಕೆ?"

ಉಳಿದದ್ದು ಎಂದರೆ ಸುಮ್ಮನೆ ಉಡುವ ಸೀರೆ. ಸಂತೆಗೆ, ನೆಂಟರ ಮನೆಗೆ, ಆಸೆಗೆ ಕೊಳ್ಳುವ ಸೀರೆ. ಪಾಪಯ್ಯ ಕೊಂಡಪ್ಪನ ಕಡೆ ನೋಡಿದ.

"ಹಂಸ ನೇಯ್ದು ನೇಯ್ದು ನಂಗೂ ಸಾಕಾಗೈತೆ ಅಣ್ಣ," ಎಂದ ಕೊಂಡಪ್ಪ, ತಲೆ ಎತ್ತದೆ.

"ಉಳಿದದ್ದಕ್ಕೆ ಬರಿ," ಎಂದ ಪಾಪಯ್ಯ.

ಸಪ್ಪಲಮ್ಮ ಎರಡು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ರಾಗಿ ಕೇರುತ್ತ ಕೂತಿದ್ದಾಗ, ಯಾರಿಗೋ ಹೇಳುವ ಹಾಗೆ, "ನನಗೆ ಬಳೆ ಥರಾನೇ ಕಾಣ್ತು ಕಣೇ. ನೀನು ಬರೆದದ್ದು ಅಂತ ಗೊತ್ತಿತ್ತಲ್ಲ. ಅದಕ್ಕೆ ಹಾಗೆ ಕಾಣ್ತೋ ಏನೋ," ಎಂದಳು.

ವರಲಕ್ಷ್ಮಿ ಮೊರದಿಂದ ಹಾರಿ ಬಿದ್ದ ರಾಗಿಯನ್ನು ಅಂಗೈಯಲ್ಲಿ ಒಟ್ಟುಮಾಡುತ್ತಿದ್ದಳು. "ಬಳೆ ಅಂದ್ರೂ ತಪ್ಪಿಲ್ಲ ಅತ್ತೆ," ಎಂದಳು.

ಶಿವರಾತ್ರಿ ಕಳೆದು ನಾಲ್ಕನೆಯ ದಿನ ಗಂಗಣ್ಣ ಬಂದ. ಕೈಕಾಲು ತೊಳೆದು, ಮುದ್ದೆ ಉಂಡು, ಜಗಲಿಯಲ್ಲಿ ಕೂತು, "ಹೊರಡಿಸ್ತೀರಾ ಮಾವ?" ಎಂದು ಪಾಪಯ್ಯನನ್ನು ಕೇಳಿದ. ಪಾಪಯ್ಯ ಹೇಳುತ್ತೇನೆಂದಿದ್ದ ಮಾತನ್ನು ಹೇಳಲು ಬಾಯಿ ತೆರೆದು, ಯಾಕೋ ನಿಲ್ಲಿಸಿ, "ಅವಳನ್ನೇ ಕೇಳಪ್ಪ," ಎಂದ.

ವರಲಕ್ಷ್ಮಿ ಬಾಗಿಲಿಗೆ ಬಂದಳು. "ಬರೋಕೆ ಆಗಲ್ಲಣ್ಣ. ಕೆಲಸ ಇದೆ."

"ಎಂಥಾ ಕೆಲಸ?"

"ಬರೆಯೋ ಕೆಲಸ."

ಗಂಗಣ್ಣ ತಂಗಿಯನ್ನೂ ಪಾಪಯ್ಯನನ್ನೂ ನೋಡಿದ. ಓದಿದವಳಲ್ಲವೇ, ಇರಬಹುದು ಎನ್ನುವ ಹಾಗೆ ತಲೆಯಾಡಿಸಿದ. "ಕಾಗದ ಪತ್ರ ಬರೆಯೋದಾ?"

"ಹೂಂ. ಕಾಗದದ ಮೇಲೇನೇ."

ಅವನಿಗೆ ಸಾಯಂಕಾಲದ ಬಸ್ಸಿಗೆ ಹೊರಡಬೇಕಾಗಿತ್ತು. ಅವನ ಹೆಂಡತಿಗೆಂದು ಸಪ್ಪಲಮ್ಮ ಕಟ್ಟಿಕೊಟ್ಟ ಮೆಂತ್ಯದ ಹಿಟ್ಟಿನ ಗಂಟನ್ನು ತೆಗೆದುಕೊಂಡು, ಹೆರಿಗೆಯಾದ ಮೇಲೆ ಹೇಳಿಕಳಿಸುವುದಾಗಿ ಹೇಳಿ ಗಂಗಣ್ಣ ಬೀದಿಗಿಳಿದ. ವರಲಕ್ಷ್ಮಿ ಬೀದಿಯ ತಿರುವಿನವರೆಗೂ ಅವನ ಜೊತೆ ಹೋಗಿ ಕಳಿಸಿ ಬಂದಳು.